ಜೊಳ್ಳು ತೂರಿ ಕಾಳು ಉಳಿಸುವುದು: ಜೀನ್ ಥೆರಪಿಯ ಎಎವಿ ವೆಕ್ಟರ್ ಶುದ್ಧೀಕರಣ, ಹಂತ ಹಂತವಾಗಿ

'16 ಕೋಟಿಯ ಇಂಜೆಕ್ಷನ್' ಎಂಬ ಮಾತನ್ನು ಬೆಂಗಳೂರಿನಲ್ಲಿ ಕೇಳದವರು ಕಡಿಮೆ. ಎಸ್‌ಎಂಎ ಎಂಬ, ಸ್ನಾಯು ಸೊರಗುವ ಹುಟ್ಟು ಕಾಯಿಲೆಯ ಮಗುವಿಗೆ ಹಣ ಕೂಡಿಸಿ ಎಂಬ ಮನವಿ ನಿಮ್ಮ ಫೋನಿಗೂ ಒಮ್ಮೆಯಾದರೂ ಬಂದಿರುತ್ತದೆ. ಆ ಔಷಧ ಜೋಲ್ಜೆನ್ಸ್ಮಾ. ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಶೀಶೆಯೊಳಗೆ ಇರುವುದು ಎಎವಿ9 ಎಂಬ ಪುಟ್ಟ ವೈರಸ್ಸಿನ ಚಿಪ್ಪು, ಅದರೊಳಗೆ ಮಗುವಿಗೆ ಬೇಕಾದ ಜೀನ್. ಹೀಗೆ ಜೀನ್ ಹೊತ್ತೊಯ್ಯುವ ಚಿಪ್ಪಿಗೆ ವೆಕ್ಟರ್ ಎನ್ನುತ್ತಾರೆ. ಇಷ್ಟು ದುಬಾರಿ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಬೆಲೆಗೆ ಹಲವು ಕಾರಣಗಳಿವೆ. ನಾನು ಕೆಲಸ ಮಾಡುವುದು ಶುದ್ಧೀಕರಣದ ಕಡೆ, ಹಾಗಾಗಿ ನನ್ನ ಕಣ್ಣಿಗೆ ದಿನವೂ ಬೀಳುವ ಒಂದು ಕಾರಣವನ್ನು ಲೆಕ್ಕದಲ್ಲೇ ತೋರಿಸುತ್ತೇನೆ.

10 ಲೀಟರ್ ಬಯೋರಿಯಾಕ್ಟರ್‌ನಲ್ಲಿ ವೆಕ್ಟರ್ ಬೆಳೆಸಿದ್ದೀರಿ, ಪ್ರತಿ ಮಿಲಿಲೀಟರ್‌ಗೆ 10¹¹ ವೆಕ್ಟರ್ ಜೀನೋಮ್ (ಜೀನ್ ತುಂಬಿದ ಚಿಪ್ಪುಗಳ ಎಣಿಕೆ) ಬಂದಿದೆ ಎಂದಿಟ್ಟುಕೊಳ್ಳಿ. ಒಟ್ಟು 10¹⁵. ಲೆಕ್ಕ ಸುಲಭವಾಗಲಿ ಎಂದು ಶುದ್ಧೀಕರಣದಲ್ಲಿ ಐದು ಹಂತ ಎನ್ನೋಣ, ಪ್ರತಿ ಹಂತದಲ್ಲೂ 80 ಪರ್ಸೆಂಟ್ ಉಳಿಯುತ್ತದೆ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ 0.8 ಅನ್ನು ಐದು ಸಲ ಗುಣಿಸಿದರೆ ಸಿಗುವುದು 0.33 ಮಾತ್ರ. ಕೈಗೆ ಬರುವುದು 3.3×10¹⁴. ಜೋಲ್ಜೆನ್ಸ್ಮಾ ಡೋಸ್ ಪ್ರತಿ ಕಿಲೋ ತೂಕಕ್ಕೆ 1.1×10¹⁴. 5 ಕಿಲೋ ಮಗುವಿಗೆ 5.5×10¹⁴ ಬೇಕು. ಅಂದರೆ 10 ಲೀಟರ್ ಬೆಳೆದರೂ ಒಂದು ಮಗುವಿಗೆ ಸಾಲುವುದಿಲ್ಲ.

ಅದಕ್ಕೇ ನನ್ನ ಮೊದಲ ಮಾತು ಇದು: ಶುದ್ಧೀಕರಣ ಎಂದರೆ ಬರೀ ಕೊಳೆ ತೆಗೆಯುವುದಲ್ಲ. ವೆಕ್ಟರ್ ಎಲ್ಲಿ ಹೋಯಿತು ಎಂದು ಪ್ರತಿ ಹಂತದಲ್ಲೂ ಲೆಕ್ಕ ಇಡುವುದು. ಹೊಸ ಪುಸ್ತಕ ತೆರೆದು ಮೊದಲ ಪುಟದಲ್ಲಿ ಒಂದು ಕೋಷ್ಟಕ ಹಾಕಿ. ಹಂತ, ಪ್ರಮಾಣ, ಜೀನೋಮ್ ಎಣಿಕೆ, ಕ್ಯಾಪ್ಸಿಡ್ (ಚಿಪ್ಪು) ಎಣಿಕೆ. ಮೊದಲ ಸಾಲಿನಲ್ಲಿ 10¹⁵ ಬರೆಯಿರಿ. ಉಳಿದ ಸಾಲುಗಳು ಕೆಲಸ ಮುಂದುವರಿದಂತೆ ತುಂಬುತ್ತವೆ.

ಕೆಲಸಕ್ಕೆ ಇಳಿಯುವ ಮುನ್ನ

ಬಯೋಟೆಕ್ ಓದಿ ಬೆಂಗಳೂರಿನ ಲ್ಯಾಬ್‌ಗಳಲ್ಲಿ ಡೌನ್‌ಸ್ಟ್ರೀಮ್ (ಶುದ್ಧೀಕರಣದ) ಕೆಲಸಕ್ಕೆ ಹೊಸದಾಗಿ ಸೇರಿದವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್, ಇನ್‌ಸ್ಟೆಮ್, ಸಿ-ಕ್ಯಾಂಪ್‌ನಿಂದ ಹಿಡಿದು ಎಲೆಕ್ಟ್ರಾನಿಕ್ ಸಿಟಿಯವರೆಗೆ ನಮ್ಮ ಊರಿನಲ್ಲಿ ಜೀವವಿಜ್ಞಾನದ ಕೆಲಸ ಹಬ್ಬಿದೆ. ಆದರೆ ವೆಕ್ಟರ್ ಶುದ್ಧ ಮಾಡುವ ಬಗ್ಗೆ ಕನ್ನಡದಲ್ಲಿ ಕೂತು ಓದುವಂಥದ್ದು ನನಗೆ ಸಿಕ್ಕಿದ್ದು ತೀರಾ ಕಡಿಮೆ.

ಎಎವಿಯ ಅಳತೆ ನೆನಪಿರಲಿ. ಅಗಲ ಸುಮಾರು 25 ನ್ಯಾನೋಮೀಟರ್. 60 ಪ್ರೋಟೀನ್ ತುಂಡುಗಳು ಸೇರಿ ಚಿಪ್ಪಾಗುತ್ತದೆ. ಒಳಗೆ ಸುಮಾರು 4,700 ಅಕ್ಷರಗಳ ಒಂಟಿ ಎಳೆಯ ಡಿಎನ್ಎ ಹಿಡಿಸುತ್ತದೆ. ಮೇಲೆ ಕೊಬ್ಬಿನ ಹೊದಿಕೆ ಇಲ್ಲ, ಹಾಗಾಗಿ ಗಟ್ಟಿ ಜೀವ. ಲೆಂಟಿವೈರಸ್ ಹಾಗಲ್ಲ. ಅದು ಸುಮಾರು 100 ನ್ಯಾನೋಮೀಟರ್, ಕೊಬ್ಬಿನ ಹೊದಿಕೆ ಇದೆ, ಆಮ್ಲ ತಾಗಿದರೂ ಉಪ್ಪು ಜಾಸ್ತಿಯಾದರೂ ಶಕ್ತಿ ಕಳೆದುಕೊಳ್ಳುತ್ತದೆ. ವೆಲ್ಲೂರಿನ ಸಿಎಂಸಿಯಲ್ಲಿ ಹೀಮೋಫಿಲಿಯಾ ಎ ರೋಗಿಗಳಿಗೆ ಜೀನ್ ಥೆರಪಿ ಕೊಟ್ಟ ವರದಿ 2024ರಲ್ಲಿ ಬಂತಲ್ಲ, ಅಲ್ಲಿ ಬಳಸಿದ್ದು ಲೆಂಟಿವೈರಸ್. ಕೆಳಗಿನ ವಿಧಾನವನ್ನು ಅದಕ್ಕೆ ಹಾಗೇ ಬಳಸಬೇಡಿ. ಆಮ್ಲದ ಹಂತ ಒಂದೇ ಸಾಕು, ಬ್ಯಾಚ್ ಪೂರ್ತಿ ಹೋಗುತ್ತದೆ.

ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಮೊದಲೇ ಇರಬೇಕು. ಐಸಿಎಂಆರ್ 2019ರಲ್ಲಿ ಹೊರತಂದ ಜೀನ್ ಥೆರಪಿ ಮಾರ್ಗಸೂಚಿಯನ್ನು ಒಮ್ಮೆ ಪೂರ್ತಿ ಓದಿ. ಇಲ್ಲಿ ಹೇಳುವುದು ಪ್ರಕ್ರಿಯೆಯನ್ನು ಕಲಿಯಲು, ಹೊಂದಿಸಲು. ಮನುಷ್ಯರಿಗೆ ಕೊಡುವ ವೆಕ್ಟರ್ ಪರವಾನಗಿ ಇರುವ ಜಿಎಂಪಿ (ಔಷಧ ತಯಾರಿಕೆಯ ಗುಣಮಟ್ಟದ ನಿಯಮ) ಘಟಕದಲ್ಲೇ ತಯಾರಾಗಬೇಕು.

ಹಂತ 1: ಕೋಶ ಒಡೆಯುವುದು

ಎಚ್ಇಕೆ293 ಎಂಬ ಮಾನವ ಕೋಶಗಳಿಗೆ ಮೂರು ಪ್ಲಾಸ್ಮಿಡ್ (ವೆಕ್ಟರ್ ಕಟ್ಟಲು ಬೇಕಾದ ಉಂಗುರದಂಥ ಡಿಎನ್ಎ) ಹಾಕಿ ಸುಮಾರು 72 ಗಂಟೆ ಆಗಿದೆ. ವೆಕ್ಟರ್ ಎಲ್ಲಿದೆ? ಅದು ಸೀರೋಟೈಪ್, ಅಂದರೆ ಎಎವಿಯ ಬಗೆಯ ಮೇಲೆ ಹೋಗುತ್ತದೆ. ಎಎವಿ2 ಹೆಚ್ಚಾಗಿ ಕೋಶದ ಒಳಗೇ ಉಳಿಯುತ್ತದೆ. ಎಎವಿ8, ಎಎವಿ9 ಸಾಕಷ್ಟು ಹೊರಗೆ ದ್ರವಕ್ಕೂ ಬರುತ್ತವೆ. ಹಾಗಾಗಿ ಕೋಶ ಮಾತ್ರ ಕೂಡಿಸಿ ದ್ರವ ಚೆಲ್ಲುವ ಹಳೆಯ ಅಭ್ಯಾಸ ಬಿಡಿ. ರಿಯಾಕ್ಟರ್ ಒಳಗೇ ಡಿಟರ್ಜೆಂಟ್ ಹಾಕಿ ಒಡೆದರೆ ಎರಡೂ ಸಿಗುತ್ತವೆ.

ಹಿಂದೆಲ್ಲ ಟ್ರೈಟಾನ್ ಎಕ್ಸ್-100 ಬಳಸುತ್ತಿದ್ದರು. ಅದು ಒಡೆದಾಗ ಹುಟ್ಟುವ ವಸ್ತು ಜಲಚರಗಳ ಹಾರ್ಮೋನಿಗೆ ತೊಂದರೆ ಕೊಡುತ್ತದೆ ಎಂದು ಯುರೋಪಿನಲ್ಲಿ 2021ರ ಜನವರಿಯಿಂದ ಅದರ ಮೇಲೆ ನಿರ್ಬಂಧವಿದೆ. ಹೊಸದಾಗಿ ಶುರು ಮಾಡುವವರು ಪಾಲಿಸಾರ್ಬೇಟ್ 20 ಅನ್ನೇ ಹಿಡಿಯಿರಿ. 0.5 ಪರ್ಸೆಂಟ್‌ನಿಂದ ಪ್ರಯೋಗ ಆರಂಭಿಸಿ. ನಾಳೆ ಪ್ರಕ್ರಿಯೆ ಬೆಳೆದ ಮೇಲೆ ಡಿಟರ್ಜೆಂಟ್ ಬದಲಾಯಿಸುವುದು ದೊಡ್ಡ ತಲೆನೋವು.

ಕೋಶ ಒಡೆದ ಕೂಡಲೇ ಅದರ ಡಿಎನ್ಎ ಹೊರಬಂದು ದ್ರವ ಲೋಳೆಯಾಗುತ್ತದೆ. ಲೋಳೆಸರದ ತಿರುಳು ಕಲಕಿದ ಹಾಗೆ. ಇಲ್ಲಿ ಡಿಎನ್ಎ ಕತ್ತರಿಸುವ ನ್ಯೂಕ್ಲಿಯೇಸ್ ಕಿಣ್ವ ಬೇಕು. ಮಿಲಿಲೀಟರ್‌ಗೆ 50 ಯೂನಿಟ್, 2 ಮಿಲಿಮೋಲಾರ್ ಮೆಗ್ನೀಷಿಯಂ ಕ್ಲೋರೈಡ್, 37 ಡಿಗ್ರಿ, 1 ಗಂಟೆ. ಮೆಗ್ನೀಷಿಯಂ ಇಲ್ಲದೆ ಕಿಣ್ವ ಕೆಲಸ ಮಾಡುವುದಿಲ್ಲ. ಹಾಗಾಗಿ ಯಾವ ಬಫರಿನಲ್ಲೂ (ಪಿಎಚ್ ಹಿಡಿದಿಡುವ ದ್ರಾವಣ) ಮೆಗ್ನೀಷಿಯಂ ಕಸಿಯುವ ಇಡಿಟಿಎ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ವೆಕ್ಟರ್ ಒಳಗಿನ ಡಿಎನ್ಎಗೆ ಏನೂ ಆಗುವುದಿಲ್ಲ, ಚಿಪ್ಪು ಕಾಯುತ್ತದೆ.

ಇದಾದ ಮೇಲೆ ಸೋಡಿಯಂ ಕ್ಲೋರೈಡ್ ಸೇರಿಸಿ 500 ಮಿಲಿಮೋಲಾರ್‌ಗೆ ಏರಿಸಿ, ಅರ್ಧ ಗಂಟೆ ಬಿಡಿ. ಎಎವಿ ಕೋಶದ ಕಸಕ್ಕೆ ಅಂಟಿಕೊಂಡಿರುತ್ತದೆ, ಉಪ್ಪು ಅದನ್ನು ಬಿಡಿಸುತ್ತದೆ. ಕ್ರಮ ತಪ್ಪಬಾರದು. ಮಾಮೂಲಿ ನ್ಯೂಕ್ಲಿಯೇಸ್ ಹೆಚ್ಚು ಉಪ್ಪಿನಲ್ಲಿ ಮಂಕಾಗುತ್ತದೆ. ಮೊದಲು ಕಿಣ್ವ, ಆಮೇಲೆ ಉಪ್ಪು. ಉಪ್ಪಿನಲ್ಲೇ ಚುರುಕಾಗಿರುವ ನ್ಯೂಕ್ಲಿಯೇಸ್ ಕೂಡ ಸಿಗುತ್ತದೆ. ಬೆಲೆ ಜಾಸ್ತಿ, ಆದರೆ ಎರಡೂ ಕೆಲಸ ಒಟ್ಟಿಗೆ ಮುಗಿಯುತ್ತದೆ.

ಹಂತ 2: ಸೋಸುವುದು

ಡೆಪ್ತ್ ಫಿಲ್ಟರ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಮನೆಯ ಕಾಫಿ ಫಿಲ್ಟರ್ ನೋಡಿ. ಕೆಳಗಿನ ತೂತುಗಳಷ್ಟೇ ಸೋಸುವುದಿಲ್ಲ, ಮೇಲೆ ಒತ್ತಿ ಕೂತ ಪುಡಿಯ ದಪ್ಪವೇ ಅರ್ಧ ಸೋಸುತ್ತದೆ. ಡಿಕಾಕ್ಷನ್ ಬೇಗ ಇಳಿಯಲಿ ಎಂದು ಮೇಲಿಂದ ಒತ್ತಿದರೆ ಗಸಿ ಕೆಳಗೆ ಬರುತ್ತದೆ. ಇಲ್ಲೂ ಅಷ್ಟೇ. ಒತ್ತಡದ ಮೀಟರ್ ಮೇಲೆ ಕಣ್ಣಿಡಿ, 1 ಬಾರ್ ಹತ್ತಿರ ಹೋಗುವ ಮೊದಲೇ ನಿಲ್ಲಿಸಿ ಫಿಲ್ಟರ್ ಬದಲಿಸಿ. ಆಮೇಲೆ 0.45, ಕೊನೆಗೆ 0.2 ಮೈಕ್ರಾನ್ ಫಿಲ್ಟರ್.

ಮುಗಿದ ಮೇಲೆ ಫಿಲ್ಟರಿನೊಳಗೆ ಸಾಕಷ್ಟು ದ್ರವ ಉಳಿದಿರುತ್ತದೆ. ಉಪ್ಪಿರುವ ಬಫರ್ ಹಾಯಿಸಿ ಅದನ್ನು ಹೊರತೆಗೆಯಿರಿ. ಹೊಸಬರು ಬಿಡುವುದು ಇದನ್ನೇ, ಸುಮ್ನೆ ನಷ್ಟ.

ಹಂತ 3: ಗಟ್ಟಿ ಮಾಡುವುದು

10 ಲೀಟರನ್ನು 1 ಲೀಟರಿಗೆ ಇಳಿಸಿದರೆ ಮುಂದಿನ ಕಾಲಂಗೆ (ವೆಕ್ಟರ್ ಹಿಡಿಯುವ ಮಣಿ ತುಂಬಿದ ಕೊಳವೆ) ಹಾಕುವ ಸಮಯ ಉಳಿಯುತ್ತದೆ. ದ್ರವವನ್ನು ಪೊರೆಯ ಉದ್ದಕ್ಕೂ ಹರಿಸಿ ಸೋಸುವ ಟಿಎಫ್ಎಫ್ ಯಂತ್ರದಲ್ಲಿ 100 ಕಿಲೋಡಾಲ್ಟನ್ ಪೊರೆ ಹಾಕಿ. ಖಾಲಿ ಚಿಪ್ಪೇ ಸುಮಾರು 3,700 ಕಿಲೋಡಾಲ್ಟನ್ ತೂಗುತ್ತದೆ, ಹಾಗಾಗಿ ಅದು ಪೊರೆ ದಾಟುವುದಿಲ್ಲ. ನಂತರ ಹೊಸ ಬಫರಿನಿಂದ ಬದಲಿಸಿ. ಐದು ಪಟ್ಟು ಬಫರ್ ಹಾಯಿಸಿದರೆ ಹಳೆಯ ಸಣ್ಣ ಅಣುಗಳು 1 ಪರ್ಸೆಂಟಿಗಿಂತ ಕಡಿಮೆ ಉಳಿಯುತ್ತವೆ. ಪಂಪ್ ವೇಗ ಹೆಚ್ಚಿಸಿ ನೊರೆ ಎಬ್ಬಿಸಬೇಡಿ. ಪೋಲಾಕ್ಸಮರ್ 188 ಸ್ವಲ್ಪ, 0.001 ಪರ್ಸೆಂಟ್, ಇಲ್ಲಿಂದಲೇ ಹಾಕುತ್ತಾ ಬನ್ನಿ. ಪೈಪು, ಟ್ಯೂಬಿನ ಗೋಡೆಗೆ ವೆಕ್ಟರ್ ಅಂಟುವುದನ್ನು ಅದು ತಡೆಯುತ್ತದೆ. ದೊಡ್ಡ ಪ್ರಮಾಣದಲ್ಲಿ ಕೆಲವರು ಈ ಹಂತ ಬಿಟ್ಟು ನೇರ ಕಾಲಂಗೆ ಹೋಗುತ್ತಾರೆ. ಅದೂ ಸರಿಯೇ, ಒಂದು ಹಂತ ಕಡಿಮೆಯಾದಷ್ಟೂ ನಷ್ಟ ಕಡಿಮೆ.

ಹಂತ 4: ಅಫಿನಿಟಿ ಕಾಲಂ

ಕೊಳೆಯ ಬಹುಪಾಲು ಹೋಗುವುದು ಇಲ್ಲಿ. ಲಾಮಾ ಎಂಬ ಪ್ರಾಣಿ ಇದೆಯಲ್ಲ, ಒಂಟೆಯ ನೆಂಟ, ಅದರ ಜಾತಿಯ ಪ್ರಾಣಿಗಳ ರಕ್ತದಲ್ಲಿ ಮಾಮೂಲಿಗಿಂತ ಚಿಕ್ಕ ಆಂಟಿಬಾಡಿಗಳು ಸಿಗುತ್ತವೆ. ಅದರ ತುಂಡನ್ನು ಮಣಿಗಳ ಮೇಲೆ ಕೂರಿಸಿ ಮಾಡಿದ ರೆಸಿನ್‌ಗಳಲ್ಲಿ ಎಎವಿಎಕ್ಸ್ ಹೆಚ್ಚು ಬಳಕೆಯಲ್ಲಿದೆ. ಹಲವು ಸೀರೋಟೈಪ್‌ಗಳನ್ನು ಅದು ಹಿಡಿಯುತ್ತದೆ.

ಕಾಲಂ ಎಷ್ಟು ದೊಡ್ಡದಿರಬೇಕು? ಇಲ್ಲಿ ಆಗುವ ತಪ್ಪು ನಾನು ಬಹಳ ಸಲ ನೋಡಿದ್ದೇನೆ. ಪುಸ್ತಕದಲ್ಲಿ 10¹⁵ ಜೀನೋಮ್ ಎಂದು ಬರೆದಿದೆ, ಅದಕ್ಕೆ ತಕ್ಕ ರೆಸಿನ್ ಅಳೆದು ಹಾಕುತ್ತಾರೆ. ಆದರೆ ಆಂಟಿಬಾಡಿಗೆ ಕಾಣುವುದು ಹೊರಗಿನ ಚಿಪ್ಪು ಮಾತ್ರ, ಒಳಗೆ ಜೀನ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ನಿಮ್ಮ ಬೆಳೆಯಲ್ಲಿ ತುಂಬಿದ ಚಿಪ್ಪು 20 ಪರ್ಸೆಂಟ್ ಮಾತ್ರ ಇದ್ದರೆ, 10¹⁵ ಜೀನೋಮ್ ಜೊತೆ ಬರುವುದು ಒಟ್ಟು 5×10¹⁵ ಚಿಪ್ಪು. ರೆಸಿನ್ ಐದು ಪಟ್ಟು ಬೇಕು. ಇಲ್ಲವಾದರೆ ಕಾಲಂ ತುಂಬಿ, ಒಳ್ಳೆಯ ವೆಕ್ಟರ್ ಹಾಗೇ ಹೊರಗೆ ಹರಿದು ಹೋಗುತ್ತದೆ. ರೆಸಿನ್ ಕಂಪನಿ ಕೊಡುವ ಸಾಮರ್ಥ್ಯದ ಸಂಖ್ಯೆ ಜೀನೋಮ್ ಲೆಕ್ಕದ್ದೋ ಕ್ಯಾಪ್ಸಿಡ್ ಲೆಕ್ಕದ್ದೋ ಎಂದು ಕೇಳಿ ತಿಳಿದುಕೊಳ್ಳಿ.

ದ್ರವ ಕಾಲಂ ಒಳಗೆ ಕನಿಷ್ಠ 2 ನಿಮಿಷ ಇರುವಂಥ ವೇಗದಲ್ಲಿ ಹಾಕಿ. ನಂತರ ಪಿಬಿಎಸ್ ಎಂಬ ಮಾಮೂಲಿ ಉಪ್ಪಿನ ಬಫರಿನಿಂದ ತೊಳೆಯಿರಿ, 1 ಮೋಲಾರ್ ಉಪ್ಪಿನಿಂದ ಇನ್ನೊಮ್ಮೆ ತೊಳೆಯಿರಿ, ಮತ್ತೆ ಕಡಿಮೆ ಉಪ್ಪಿಗೆ ಬನ್ನಿ. ಈಗ ಗ್ಲೈಸಿನ್ ಅಥವಾ ಸಿಟ್ರೇಟ್, ಪಿಎಚ್ 2.5ರಿಂದ 3. ವೆಕ್ಟರ್ ಕಳಚಿಕೊಂಡು ಒಂದೇ ಚೂಪು ಪೀಕ್ ಆಗಿ ಬರುತ್ತದೆ. ಅದು ಬೀಳುವ ಟ್ಯೂಬಿನಲ್ಲಿ ಮೊದಲೇ ಹತ್ತನೇ ಒಂದು ಭಾಗ 1 ಮೋಲಾರ್ ಟ್ರಿಸ್, ಪಿಎಚ್ 8.8, ಹಾಕಿಟ್ಟಿರಿ. ಆಮ್ಲದಲ್ಲಿ ಕೆಲವು ನಿಮಿಷ ತಡೆಯುತ್ತದೆ, ಊಟಕ್ಕೆ ಹೋಗಿ ಬರುವಷ್ಟು ಹೊತ್ತು ತಡೆಯುವುದಿಲ್ಲ.

ಒಂದು ಕಡ್ಡಾಯ ನಿಯಮ. ಕಾಲಂನಿಂದ ಹಿಡಿಯದೆ ಹೊರಬಂದ ದ್ರವವನ್ನು ಎಣಿಕೆ ಬರುವ ತನಕ ಚೆಲ್ಲಬೇಡಿ. ನನ್ನ ಮೊದಲ ವರ್ಷದಲ್ಲಿ ಫ್ರಿಜ್ಜಿನಲ್ಲಿ ಜಾಗ ಇಲ್ಲವೆಂದು ಅದೇ ಸಂಜೆ ಬ್ಲೀಚ್ ಹಾಕಿ ಚೆಲ್ಲಿದೆ. ಮಾರನೆಯ ದಿನ ಪಿಸಿಆರ್ ಹೇಳಿತು, ಅರ್ಧಕ್ಕಿಂತ ಹೆಚ್ಚು ವೆಕ್ಟರ್ ಅದರಲ್ಲೇ ಇತ್ತು ಎಂದು. ಮೂರು ವಾರದ ಬೆಳೆ. ಇವತ್ತಿಗೂ ಆ ಕ್ಯಾನ್ ನೆನಪಾದರೆ ಹೊಟ್ಟೆ ಉರಿಯುತ್ತದೆ.

ಹಂತ 5: ಜೊಳ್ಳು ತೂರುವುದು

ಕಾಲಂನಿಂದ ಬಂದದ್ದು ನೋಡಲು ಶುದ್ಧ. ಜೆಲ್ ಓಡಿಸಿದರೆ ವಿಪಿ1, ವಿಪಿ2, ವಿಪಿ3 ಎಂಬ ಮೂರು ಗೆರೆ, 1:1:10ರ ಅಂದಾಜಿನಲ್ಲಿ, ಬೇರೇನೂ ಇಲ್ಲ. ಆದರೂ ಅದರಲ್ಲಿ ಬಹುಪಾಲು ಜೊಳ್ಳು. ಸಿಪ್ಪೆ ಸರಿಯಾಗಿದೆ, ಒಳಗೆ ಕಾಳಿಲ್ಲ. ಜೊಳ್ಳು ಚಿಪ್ಪು ರೋಗಿಗೆ ಔಷಧವಾಗುವುದಿಲ್ಲ, ಆದರೆ ದೇಹದ ರಕ್ಷಣಾ ವ್ಯವಸ್ಥೆಯನ್ನು ಕೆರಳಿಸುವುದರಲ್ಲಿ ತುಂಬಿದ ಚಿಪ್ಪಿಗೆ ಸಮ.

ಕಣದಲ್ಲಿ ರಾಗಿ ತೂರುವವರು ಗಾಳಿಯನ್ನು ನಂಬುತ್ತಾರೆ. ತೂಕದ ವ್ಯತ್ಯಾಸ ಸಾಕಷ್ಟಿದೆ, ಜೊಳ್ಳು ದೂರ ಬೀಳುತ್ತದೆ. ನಮಗೂ ಅದೇ ದಾರಿ ಒಂದಿದೆ. ಸೀಸಿಯಂ ಕ್ಲೋರೈಡಿನಲ್ಲಿ ತುಂಬಿದ ಚಿಪ್ಪಿನ ಸಾಂದ್ರತೆ ಸುಮಾರು 1.40, ಖಾಲಿಯದ್ದು 1.31. ಅಲ್ಟ್ರಾಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಬೇರೆ ಬೇರೆ ಪಟ್ಟಿಯಾಗಿ ನಿಲ್ಲುತ್ತವೆ. ಸಣ್ಣ ಪ್ರಮಾಣಕ್ಕೆ ನಾನು ಅಯೋಡಿಕ್ಸನಾಲ್ ಎಂಬ ಭಾರದ ದ್ರವ ಇಷ್ಟಪಡುತ್ತೇನೆ. 15, 25, 40, 60 ಪರ್ಸೆಂಟ್ ಪದರಗಳನ್ನು ಒಂದರ ಕೆಳಗೊಂದು ನಿಧಾನವಾಗಿ ಇಳಿಸಿ. 25 ಮತ್ತು 60ರ ಪದರಕ್ಕೆ ಫೀನಾಲ್ ರೆಡ್ ಹಾಕಿದರೆ ಗಡಿ ಕಣ್ಣಿಗೆ ಕಾಣುತ್ತದೆ. ಸುಮಾರು 3,50,000 ಜಿ, 18 ಡಿಗ್ರಿ, ಒಂದು ಗಂಟೆ. ತುಂಬಿದ ವೆಕ್ಟರ್ 40ರ ಬಣ್ಣವಿಲ್ಲದ ಪದರದಲ್ಲಿ, 60ರ ಗಡಿಯ ಹತ್ತಿರ ಇರುತ್ತದೆ. ಸೂಜಿಯ ಬಾಯಿ ಮೇಲ್ಮುಖವಾಗಿ ಇರುವ ಹಾಗೆ ಆ ಗಡಿಯ ತುಸು ಕೆಳಗೆ ಚುಚ್ಚಿ ದ್ರವ ಎಳೆಯಿರಿ. 25 ಮತ್ತು 40ರ ನಡುವಿನ ಬಿಳಿ ಪಟ್ಟಿಯನ್ನು ಮುಟ್ಟಬೇಡಿ, ಅಲ್ಲಿ ಪ್ರೋಟೀನ್ ಕಸ ಮತ್ತು ಜೊಳ್ಳು ಕೂತಿರುತ್ತದೆ. ಯಂತ್ರಕ್ಕೆ ಯುಪಿಎಸ್ ಇದೆಯಾ ನೋಡಿಕೊಳ್ಳಿ. ಮೇ ತಿಂಗಳ ಸಂಜೆ ಬೆಂಗಳೂರಿನ ಮಳೆಗೆ ಕರೆಂಟ್ ಹೋಗಿ ರೋಟರ್ ತಾನಾಗಿ ನಿಂತರೆ ಪದರಗಳು ನಂಬಿಕೆಗೆ ಉಳಿಯುವುದಿಲ್ಲ.

ಆದರೆ ಟ್ಯೂಬುಗಳಿಗೆ ಮಿತಿ ಇದೆ. 200 ಲೀಟರ್ ಬ್ಯಾಚ್ ಈ ದಾರಿಯಲ್ಲಿ ಹೋಗುವುದು ಕಷ್ಟ. ಆಗ ಬೇಕು ಅಯಾನ್ ಎಕ್ಸ್‌ಚೇಂಜ್ ಕಾಲಂ. ಒಳಗೆ ಡಿಎನ್ಎ ಇರುವ ಚಿಪ್ಪಿಗೆ ಋಣ ಚಾರ್ಜ್ ಒಂಚೂರು ಜಾಸ್ತಿ. ಖಾಲಿ ಚಿಪ್ಪಿನ ಐಸೋಎಲೆಕ್ಟ್ರಿಕ್ ಬಿಂದು (ಒಟ್ಟು ಚಾರ್ಜ್ ಸೊನ್ನೆಯಾಗುವ ಪಿಎಚ್) ಸುಮಾರು 6.3, ತುಂಬಿದ್ದರದ್ದು 5.9. ಇಷ್ಟೇ ವ್ಯತ್ಯಾಸ. ಇಷ್ಟರಲ್ಲೇ ಬೇರೆ ಮಾಡಬೇಕು.

ಪಿಎಚ್ 9ರ ಸುತ್ತಮುತ್ತ ಬಫರ್, 2 ಮಿಲಿಮೋಲಾರ್ ಮೆಗ್ನೀಷಿಯಂ, ಸ್ವಲ್ಪ ಪೋಲಾಕ್ಸಮರ್. ಉಪ್ಪಿನ ಅಂಶ ತೋರಿಸುವ ಕಂಡಕ್ಟಿವಿಟಿ ಸೆಂಟಿಮೀಟರಿಗೆ 2 ಮಿಲಿಸೀಮೆನ್ಸ್‌ಗಿಂತ ಕೆಳಗೆ ಬರುವ ತನಕ ಮಾದರಿಯನ್ನು ತೆಳುಮಾಡಿ. ತೆಳು ಮಾಡಿ ರಾತ್ರಿ ಇಡಬೇಡಿ, ಉಪ್ಪು ಕಡಿಮೆ ಇದ್ದರೆ ವೆಕ್ಟರ್ ಗಂಟು ಕಟ್ಟುತ್ತದೆ. ಹಾಕುವ ಹೊತ್ತಿಗೆ ತೆಳು ಮಾಡಿ. ನಂತರ ಉಪ್ಪನ್ನು 0ರಿಂದ 200 ಮಿಲಿಮೋಲಾರ್‌ವರೆಗೆ, ಕಾಲಂ ಗಾತ್ರದ 40 ಪಟ್ಟು ಬಫರಿನಲ್ಲಿ, ಬಹಳ ನಿಧಾನ ಏರಿಸಿ. ಪರದೆಯ ಮೇಲೆ 260 ಮತ್ತು 280 ನ್ಯಾನೋಮೀಟರಿನ ಬೆಳಕು ಹೀರಿಕೆಯ ಎರಡೂ ಗೆರೆ ಹಾಕಿಕೊಳ್ಳಿ, 260 ಡಿಎನ್ಎಗೆ, 280 ಪ್ರೋಟೀನಿಗೆ. ಮೊದಲು ಬರುವ ಪೀಕ್‌ನಲ್ಲಿ 280 ಮೇಲಿರುತ್ತದೆ, 260/280 ಅನುಪಾತ 0.6ರ ಹತ್ತಿರ. ಅದು ಜೊಳ್ಳು. ಆಮೇಲೆ ಗೆರೆಗಳು ಒಂದನ್ನೊಂದು ದಾಟುತ್ತವೆ, 260 ಮೇಲೇರುತ್ತದೆ, ಅನುಪಾತ 1.3ರ ಆಸುಪಾಸು. ಅದು ಕಾಳು. ಆ ದಾಟುವ ಕ್ಷಣ ನೋಡಲು ನನಗೆ ಈಗಲೂ ಖುಷಿಯಾಗುತ್ತದೆ.

ಸಣ್ಣ ಸಣ್ಣ ಭಾಗಗಳಾಗಿ ಹಿಡಿಯಿರಿ. ಯಾವುದನ್ನು ಸೇರಿಸುವುದು, ಯಾವುದನ್ನು ಬಿಡುವುದು ಎಂಬ ತೀರ್ಮಾನ ಪರೀಕ್ಷೆ ಆದ ಮೇಲೆ. ಎರಡು ಪೀಕ್ ನಡುವಿನ ಕಣಿವೆಯ ಟ್ಯೂಬುಗಳ ಬಗ್ಗೆಯೇ ಯಾವಾಗಲೂ ಜಗಳ. ಸೇರಿಸಿದರೆ ಜೊಳ್ಳು ಬರುತ್ತದೆ, ಬಿಟ್ಟರೆ ಕಾಳು ಹೋಗುತ್ತದೆ. ರಕ್ತನಾಳಕ್ಕೆ ಕೊಡುವ ದೊಡ್ಡ ಡೋಸಿನ ಔಷಧವಾದರೆ ನಾನು ಬಿಡುವ ಪಕ್ಷ. ಡೋಸ್ ದೊಡ್ಡದಾದಷ್ಟೂ ಜೊತೆಗೆ ಹೋಗುವ ಜೊಳ್ಳೂ ದೊಡ್ಡದು. ಕಣ್ಣಿನ ಔಷಧ ಲಕ್ಸ್‌ಟರ್ನಾಗೆ ಒಂದು ಕಣ್ಣಿಗೆ 1.5×10¹¹ ಸಾಕು. ನಮ್ಮ 3.3×10¹⁴ ಅಂಥ ಎರಡು ಸಾವಿರಕ್ಕೂ ಹೆಚ್ಚು ಕಣ್ಣಿಗೆ ಆಗುವ ಲೆಕ್ಕ.

ಇನ್ನು ಒಂದು ಬಲೆ. ಟ್ರಿಸ್ ಬಫರಿನ ಪಿಎಚ್ ಪ್ರತಿ ಡಿಗ್ರಿ ತಾಪಕ್ಕೆ ಸುಮಾರು 0.028 ಬದಲಾಗುತ್ತದೆ. 25 ಡಿಗ್ರಿಯಲ್ಲಿ 9.0 ಎಂದು ಹೊಂದಿಸಿ, 4 ಡಿಗ್ರಿ ಕೋಲ್ಡ್ ರೂಮಿನಲ್ಲಿ ಕಾಲಂ ಓಡಿಸಿದರೆ ನಿಜವಾದ ಪಿಎಚ್ 9.6. ಈ ಹಂತದಲ್ಲಿ 0.1 ಬದಲಾದರೂ ಪೀಕ್ ಜಾಗ ಬಿಡುತ್ತದೆ. ಎಲ್ಲಿ ಓಡಿಸುತ್ತೀರೋ ಆ ತಾಪದಲ್ಲೇ ಪಿಎಚ್ ಅಳೆಯಿರಿ. ಸೀರೋಟೈಪ್ ಬದಲಾದರೆ, ಒಳಗಿನ ಜೀನ್ ಬದಲಾದರೂ, ಪಿಎಚ್ ಮತ್ತು ಉಪ್ಪನ್ನು ಮೊದಲಿಂದ ಹುಡುಕಬೇಕು. ಎಎವಿ8ಕ್ಕೆ ಸರಿಹೋದದ್ದು ಎಎವಿ9ಕ್ಕೆ ಹೊಂದುವುದಿಲ್ಲ.

ಹಂತ 6: ಬೇರೆ ವೈರಸ್ಸಿನ ಭಯ

ಕೋಶ ಮನುಷ್ಯನದ್ದು, ಅದರಲ್ಲಿ ಬೇಡದ ವೈರಸ್ ಸೇರಿರಬಹುದು ಎಂದೇ ಭಾವಿಸಿ. ಹೊದಿಕೆಯಿರುವ ವೈರಸ್‌ಗಳು ಡಿಟರ್ಜೆಂಟ್ ಮತ್ತು ಆಮ್ಲದ ಹಂತಗಳಲ್ಲೇ ಸಾಯುತ್ತವೆ. ಉಳಿದ ದೊಡ್ಡವಕ್ಕೆ 35 ನ್ಯಾನೋಮೀಟರಿನ ವೈರಸ್ ಫಿಲ್ಟರ್ ಹಾಕಬಹುದು. ನಮ್ಮದು 25, ದಾಟಿ ಹೋಗುತ್ತದೆ. ಗಂಟು ಕಟ್ಟಿದ ವೆಕ್ಟರ್ ಮಾತ್ರ ಸಿಕ್ಕಿಕೊಳ್ಳುತ್ತದೆ.

ಹಂತ 7: ಕೊನೆಯ ಬಫರ್, ಎಣಿಕೆ, ಫ್ರೀಜರ್

ಜೋಲ್ಜೆನ್ಸ್ಮಾ ಶೀಶೆಯ ಬಫರ್ ಯಾರು ಬೇಕಾದರೂ ಓದಬಹುದಾದ ಮಾಹಿತಿ: 20 ಮಿಲಿಮೋಲಾರ್ ಟ್ರಿಸ್ ಪಿಎಚ್ 8.0, 200 ಮಿಲಿಮೋಲಾರ್ ಉಪ್ಪು, 1 ಮಿಲಿಮೋಲಾರ್ ಮೆಗ್ನೀಷಿಯಂ ಕ್ಲೋರೈಡ್, 0.005 ಪರ್ಸೆಂಟ್ ಪೋಲಾಕ್ಸಮರ್ 188. ಆರಂಭಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಉಪ್ಪು ಇಷ್ಟು ಯಾಕೆ ಎಂದರೆ, ಗಟ್ಟಿ ಮಾಡಿದ ವೆಕ್ಟರ್ ಗಂಟು ಕಟ್ಟದಿರಲಿ ಎಂದು. ಇನ್ನೊಂದು ಸಣ್ಣ ಟಿಎಫ್ಎಫ್ ಮಾಡಿ ಈ ಬಫರಿಗೆ ಬದಲಿಸಿ, 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಸಣ್ಣ ಶೀಶೆಗಳಿಗೆ ಹಂಚಿ.

ಎಣಿಕೆಗೆ ಡ್ರಾಪ್ಲೆಟ್ ಪಿಸಿಆರ್. ಮೊದಲು ಡಿಎನ್ಏಸ್ ಹಾಕಿ ಹೊರಗಿನ ಡಿಎನ್ಎ ತೆಗೆಯಿರಿ, ಇಲ್ಲವಾದರೆ ಉಳಿದ ಪ್ಲಾಸ್ಮಿಡ್ ಕೂಡ ವೆಕ್ಟರ್ ಲೆಕ್ಕಕ್ಕೆ ಸೇರುತ್ತದೆ. ಚಿಪ್ಪಿನ ಎಣಿಕೆಗೆ ಎಲೈಸಾ ಎಂಬ ಆಂಟಿಬಾಡಿ ಪರೀಕ್ಷೆ. ಎರಡರ ಅನುಪಾತ ತುಂಬಿದ ಪಾಲನ್ನು ಹೇಳುತ್ತದೆ, ಆದರೆ ಎರಡು ಪರೀಕ್ಷೆಯ ತಪ್ಪೂ ಅದರಲ್ಲಿ ಕೂಡಿಕೊಳ್ಳುತ್ತದೆ. ಮುಖ್ಯ ಬ್ಯಾಚಿಗೆ ಅನಲಿಟಿಕಲ್ ಅಲ್ಟ್ರಾಸೆಂಟ್ರಿಫ್ಯೂಜ್ ಮಾಡಿಸಿ. ಅರ್ಧ ತುಂಬಿದ ಚಿಪ್ಪುಗಳೂ ಅದರಲ್ಲಿ ಕಾಣುತ್ತವೆ. ಉಳಿಕೆ ಕೋಶ ಡಿಎನ್ಎಗೆ ಡೋಸಿಗೆ 10 ನ್ಯಾನೋಗ್ರಾಂ ಎಂಬ ಅಳತೆಗೋಲು ಹಳೆಯದು. ಎಎವಿಯಲ್ಲಿ ಕೋಶದ ಡಿಎನ್ಎ ಚೂರುಗಳು ಚಿಪ್ಪಿನೊಳಗೇ ಸೇರಿಕೊಳ್ಳುವುದರಿಂದ ದೊಡ್ಡ ಡೋಸಿನಲ್ಲಿ ಅದನ್ನು ತಲುಪುವುದು ಕಷ್ಟ. ಎಷ್ಟು ನ್ಯೂಕ್ಲಿಯೇಸ್ ಹಾಕಿದರೂ ಅದು ಹೋಗುವುದಿಲ್ಲ. ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ಹೊರಪದರದ ವಿಷ) ರಕ್ತನಾಳದ ಔಷಧಕ್ಕೆ ಕಿಲೋಗೆ ಗಂಟೆಗೆ 5 ಯೂನಿಟ್ ದಾಟಬಾರದು. ಅದಕ್ಕೆ ಇಂಜೆಕ್ಷನ್ ದರ್ಜೆಯ ನೀರೇ ಬೇಕು, ಮೊದಲ ಬಫರಿನಿಂದ ಕೊನೆಯ ಬಫರಿನವರೆಗೆ.

ಮೈನಸ್ 60 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇಡಿ. ಎಲೆಕ್ಟ್ರಾನಿಕ್ ಸಿಟಿಯಿಂದ ಹೆಬ್ಬಾಳದ ಕಡೆ ಮಾದರಿ ಕಳಿಸುವುದಿದ್ದರೆ ಡ್ರೈ ಐಸನ್ನು ದಾರಿಯ ಉದ್ದಕ್ಕೆ ಅಳೆಯಬೇಡಿ, ಸಿಲ್ಕ್ ಬೋರ್ಡಿನಲ್ಲಿ ನಿಲ್ಲುವ ಹೊತ್ತನ್ನೂ ಸೇರಿಸಿ, ದುಪ್ಪಟ್ಟು ಹಾಕಿ. ಮಾರನೆಯ ದಿನ ಒಂದು ಶೀಶೆ ಕರಗಿಸಿ ಮತ್ತೆ ಎಣಿಸಿ. ಫ್ರೀಜ್ ಮಾಡುವ ಮೊದಲಿನ ಸಂಖ್ಯೆಗೂ ಇದಕ್ಕೂ ವ್ಯತ್ಯಾಸ ಇದ್ದರೆ ವೆಕ್ಟರ್ ಗಂಟು ಕಟ್ಟಿದೆ, ಇಲ್ಲವೇ ಗೋಡೆಗೆ ಅಂಟಿದೆ. ಆ ಸಂಖ್ಯೆಯನ್ನು ಪುಸ್ತಕದ ಮೊದಲ ಪುಟದ ಕೊನೆಯ ಸಾಲಿನಲ್ಲಿ, 10¹⁵ರ ನೇರ ಕೆಳಗೆ ಬರೆಯಿರಿ. ಆಮೇಲೆ ಎತ್ತಿಟ್ಟ ದ್ರವಗಳನ್ನು ಚೆಲ್ಲಬಹುದು.